ಮರದ ತುದಿಯಲ್ಲಿ ಮನುಷ್ಯ, ಬುಡದಲ್ಲಿ ಎಂಜಿನ್

ಮಳೆಗಾಲದ ಹೊತ್ತಿಗೆ ಹೊನ್ನಾವರದ ನನ್ನ ರಿಪೇರಿ ಅಂಗಡಿಗೆ ಎರಡು ಬಗೆಯ ಎಂಜಿನ್‌ಗಳು ಬರುತ್ತವೆ. ಭಟ್ಕಳದ ಅಳ್ವೆಕೋಡಿ, ತೆಂಗಿನಗುಂಡಿ ಕಡೆಯಿಂದ ದೋಣಿಯ ಔಟ್‌ಬೋರ್ಡ್. ಗೇರುಸೊಪ್ಪೆ, ಕುಮಟಾದ ಸಂತೆಗುಳಿ ಕಡೆಯಿಂದ ಅಡಿಕೆಗೆ ಮದ್ದು ಹೊಡೆಯುವ ಪಂಪು. ದೂರು ಮಾತ್ರ ಒಂದೇ: "ಚಲೋ ಓಡ್ತಾ ಇತ್ತು, ಒಮ್ಮೆಲೇ ನಿಂತೋಯ್ತು." ಒಮ್ಮೆಲೇ ಕೆಡುವ ಎಂಜಿನ್ ಬಹಳ ಕಡಿಮೆ. ನಿಲ್ಲಿಸುವ ಕಾರಣ ವಾರಗಟ್ಟಲೆ ಮೊದಲೇ ಟ್ಯಾಂಕಿಯೊಳಗೆ ಸೇರಿಕೊಂಡಿರುತ್ತದೆ.

ತೋಟದಲ್ಲಿ ಎಂಜಿನ್ ನಿಂತರೆ ಕಷ್ಟ ಮರ ಹತ್ತುವ ಕೊನೆಗೌಡನಿಗೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಬೇಕೆಂದು ವಿಜ್ಞಾನಿ ಲೆಸ್ಲಿ ಕೋಲ್ಮನ್ ಮೈಸೂರು ಸೀಮೆಯಲ್ಲಿ ತೋರಿಸಿಕೊಟ್ಟು ನೂರು ವರ್ಷ ದಾಟಿತು. ಈಗ ಕೆಲವರು ಉದ್ದದ ದೋಟಿ ಹಿಡಿದು ನೆಲದಿಂದಲೇ ಹೊಡೆಯುತ್ತಾರೆ. ಆದರೂ ಬಹಳ ತೋಟಗಳಲ್ಲಿ ಐವತ್ತು ಅರವತ್ತು ಅಡಿ ಮೇಲೆ, ಕಾಲಿಗೆ ತಳೆ ಹಾಕಿ, ಪಾಚಿಗಟ್ಟಿದ ಮರ ತಬ್ಬಿ ನಿಂತ ಮನುಷ್ಯನೇ ಮದ್ದು ಸಿಂಪಡಿಸುವ ಗನ್ನು ಹಿಡಿಯಬೇಕು. ಒತ್ತಡ ಇಳಿದರೆ ಮದ್ದು ನಿಲ್ಲುತ್ತದೆ, ದ್ರಾವಣ ತುಂಬಿದ ಪೈಪಿನ ಭಾರ ಮಾತ್ರ ಅವನ ಕೈಯಲ್ಲೇ ಜೋತಿರುತ್ತದೆ. ಕೆಳಗಿನವರು ಹಗ್ಗ ಎಳೆದೆಳೆದು ಎಂಜಿನ್ ಚಾಲೂ ಮಾಡುತ್ತಾರೆ. ಮೇಲೆ ಗನ್ನು ತೆರೆದೇ ಇದ್ದರೆ ಒತ್ತಡ ಏಕಾಏಕಿ ಏರಿ ಪೈಪು ಅವನನ್ನು ಜಗ್ಗುತ್ತದೆ. ನಾನು ಹೆದರುವುದು ಆ ಗಳಿಗೆಗೆ.

ಇದೇ ಕಷ್ಟ ವಿಮಾನದಲ್ಲಿ ಮದ್ದು ಹೊಡೆಯುವವರದೂ. 1921ರ ಆಗಸ್ಟ್ 3ರಂದು ಅಮೆರಿಕದ ಒಹಾಯೊದಲ್ಲಿ ಜಾನ್ ಮ್ಯಾಕ್‌ರೆಡಿ ಎಂಬ ಪೈಲಟ್ ಕಟಾಲ್ಪಾ ಮರಗಳ ಹುಳುವಿನ ಮೇಲೆ ವಿಷದ ಪುಡಿ ಉದುರಿಸಿದಲ್ಲಿಂದ ಆ ಕೆಲಸ ಶುರುವಾಯಿತು. ನಮ್ಮ ಎಚ್‌ಎಎಲ್ ಕೂಡ 'ಬಸಂತ್' ಎಂಬ 400 ಅಶ್ವಶಕ್ತಿಯ ಕೃಷಿ ವಿಮಾನ ಕಟ್ಟಿ, 1972ರ ಮಾರ್ಚ್ 30ರಂದು ಹಾರಿಸಿತ್ತು. ಎತ್ತರದಲ್ಲಿರುವ ವಿಮಾನದ ಎಂಜಿನ್ ಕೆಟ್ಟರೆ ಪೈಲಟ್ ತೇಲುತ್ತ ಇಳಿದು ಬಯಲು ಹುಡುಕಬಹುದು. ಪೈರಿನ ಮೇಲೆ ಹತ್ತು ಅಡಿಯಲ್ಲಿ ಹಾರುವವನಿಗೆ ಆ ಸಮಯವಿಲ್ಲ. ಹಿಡಿ ಎಳೆದು ಮದ್ದನ್ನೆಲ್ಲ ಸುರಿದುಬಿಡಬೇಕು, ಉಳಿದ ವೇಗದಲ್ಲಿ ಎದುರಿಗೆ ಸಿಕ್ಕ ಜಾಗಕ್ಕೆ ಇಳಿಯಬೇಕು. ಗಾಬರಿಯಲ್ಲಿ ಥಟ್ಟನೆ ಹಿಂದಕ್ಕೆ ತಿರುಗಿಸಿದರೆ ರೆಕ್ಕೆ ಹಿಡಿತ ಕಳೆದುಕೊಳ್ಳುತ್ತದೆ.

ನಮ್ಮ ಮೂರು ತಾಲೂಕುಗಳಿಗೆ ಆಕಾಶದ ಮದ್ದು ಎಂದರೆ ಗೇರುತೋಟಗಳಿಗೆ ಸುರಿದ ಎಂಡೋಸಲ್ಫಾನ್ ಕೀಟನಾಶಕ. ಅದರ ನೋವು ಉಣ್ಣುತ್ತಿರುವ ಮನೆಗಳು ಇಲ್ಲಿ ಇಂದಿಗೂ ಇವೆ. ಅದು ಮರಳಿ ಬರುವುದು ಬೇಡವೇ ಬೇಡ. ಆ ಪೈಲಟ್‌ಗಳ ಒಂದು ಅಭ್ಯಾಸ ಮಾತ್ರ ನಮಗೆ ಬೇಕು. ಬೆಳಿಗ್ಗೆ ಹಾರುವ ಮೊದಲು ಟ್ಯಾಂಕಿಯ ತಳದಿಂದ ಸ್ವಲ್ಪ ಇಂಧನ ಪಾರದರ್ಶಕ ಲೋಟಕ್ಕೆ ಬಸಿದು, ಅಡಿಯಲ್ಲಿ ನೀರು ನಿಂತಿದೆಯೇ ಎಂದು ನೋಡುತ್ತಾರೆ.

ಅದು ನಮಗೇಕೆಂದರೆ, ಇಂದು ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇದೆ. ಎಥನಾಲ್ ಗಾಳಿಯ ತೇವ ಹೀರುತ್ತದೆ, ನಮ್ಮ ಕರಾವಳಿಯ ಮಳೆಗಾಲದಲ್ಲಿ ತೇವಕ್ಕೇನು ಕೊರತೆ? ಮೊದಲ ಮದ್ದಿಗೂ ಎರಡನೆಯದಕ್ಕೂ ನಡುವೆ ನಲವತ್ತು ನಲವತ್ತೈದು ದಿನ. ಅಷ್ಟು ದಿನ ಅರೆತುಂಬಿದ ಟ್ಯಾಂಕಿ ಕೊಟ್ಟಿಗೆಯ ಮೂಲೆಯಲ್ಲಿ ಕೂತಿರುತ್ತದೆ. ನೀರು ಮಿತಿ ಮೀರಿದಾಗ ಎಥನಾಲ್ ಪೆಟ್ರೋಲನ್ನು ಬಿಟ್ಟು, ನೀರಿನೊಡನೆ ತಳಕ್ಕೆ ಇಳಿಯುತ್ತದೆ. ಎಂಜಿನ್ ಮೊದಲು ಎಳೆಯುವುದು ಅದನ್ನೇ. ಟೂ-ಸ್ಟ್ರೋಕ್ ಎಂಜಿನ್‌ಗೆ ಇದು ಇನ್ನೂ ಕೆಟ್ಟದ್ದು. ಬೆರೆಸಿದ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿದು, ಪಿಸ್ಟನ್ ಒಣಗಿ ಓಡಿ ಹಿಡಿದುಕೊಳ್ಳುತ್ತದೆ. ಆಮೇಲೆ ಬೋರ್ ಮಾಡಿಸಬೇಕು, ಪಿಸ್ಟನ್ ಬದಲಿಸಬೇಕು. ಅಷ್ಟರಲ್ಲಿ ಹೊಳವಾದ ಮಳೆ ಮತ್ತೆ ಹಿಡಿದಿರುತ್ತದೆ, ಕೊಳೆ ಕೊನೆಗೆ ಏರಿರುತ್ತದೆ.

ಆದ್ದರಿಂದ ಮದ್ದು ಮುಗಿದ ದಿನವೇ ಟ್ಯಾಂಕಿ ಬರಿದು ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಕಾರ್ಬುರೇಟರಿನ ಬಟ್ಟಲನ್ನೂ ಬಸಿಯಿರಿ. ಮುಂದಿನ ಸಲಕ್ಕೆ ಹೊಸ ಪೆಟ್ರೋಲ್ ತನ್ನಿ, ಹಳೆಯದಕ್ಕೆ ಬೆರೆಸಬೇಡಿ. ತೋಟದಲ್ಲಿ ನಡುವೆ ಎಂಜಿನ್ ನಿಂತರೆ ಮೇಲಿನವನು ಮೊದಲು ಗನ್ನು ಮುಚ್ಚಲಿ. ಕೆಳಗಿನವರು ಒತ್ತಡದ ತಿರುಪು ಸಡಿಲಿಸಿ, ಕೂಗಿ ಹೇಳಿ, ಅವನು ತಿರುಗಿ ಕೂಗಿದ ಮೇಲೆಯೇ ಹಗ್ಗಕ್ಕೆ ಕೈ ಹಾಕಲಿ.