ಶಿಲ್ಪಾಂತೇವಾಸಿಯೂ ವಿದ್ಯಾರ್ಥಿವೇತನವೂ

‘ಅಂತೇವಾಸಿ’ ಎಂಬ ಶಬ್ದವು ಸಾಮಾನ್ಯವಾಗಿ ಗುರುಸಮೀಪದಲ್ಲಿ ವಾಸಿಸುವ ಶಿಷ್ಯನನ್ನು ಹೇಳುತ್ತದೆ. ಧರ್ಮಶಾಸ್ತ್ರದ ವ್ಯವಹಾರಭಾಗದಲ್ಲಾದರೋ ಅದು ಶಿಲ್ಪವನ್ನು, ಅರ್ಥಾತ್ ಕೈಕಸಬನ್ನು, ಕಲಿಯುವುದಕ್ಕಾಗಿ ಆಚಾರ್ಯನ ಮನೆಯಲ್ಲಿ ನಿಂತವನಿಗೆ ಪಾರಿಭಾಷಿಕ ಸಂಜ್ಞೆಯಾಗಿದೆ. ನಾರದಸ್ಮೃತಿಯು ಶುಶ್ರೂಷಕರನ್ನು ಐದು ವಿಧವಾಗಿ ವಿಂಗಡಿಸುವಾಗ ವೇದವಿದ್ಯಾರ್ಥಿಯಾದ ಶಿಷ್ಯನನ್ನೂ ಶಿಲ್ಪವಿದ್ಯಾರ್ಥಿಯಾದ ಅಂತೇವಾಸಿಯನ್ನೂ ಬೇರೆಬೇರೆಯಾಗಿ ಎಣಿಸುತ್ತದೆ.

ಇಂತಹ ಅಂತೇವಾಸಿಯು ಬಂಧುಗಳ ಅನುಮತಿಯನ್ನು ಪಡೆದು, ಕಾಲವನ್ನು ನಿಶ್ಚಯಿಸಿಕೊಂಡು ಆಚಾರ್ಯನಲ್ಲಿ ಸೇರಬೇಕು. ಆಚಾರ್ಯನು ಅವನಿಗೆ ತನ್ನ ಮನೆಯಲ್ಲಿ ಅನ್ನವಿಕ್ಕಿ ಕಲಿಸಬೇಕು, ಬೇರೆ ಕೆಲಸಗಳನ್ನು ಮಾಡಿಸಕೂಡದು, ಪುತ್ರನಂತೆ ಕಾಣಬೇಕು. ಆದರೆ ಯಾಜ್ಞವಲ್ಕ್ಯನು ವಿಧಿಸಿರುವ ನಿಯಮವೊಂದು ವಿಚಾರಾರ್ಹವಾಗಿದೆ. ಶಿಲ್ಪವನ್ನು ಬೇಗನೆ ಕಲಿತು ಮುಗಿಸಿದವನೂ ಒಪ್ಪಿದ ಕಾಲದವರೆಗೆ ಗುರುಗೃಹದಲ್ಲಿಯೇ ಇದ್ದು, ತನ್ನ ಕೆಲಸದ ಫಲವನ್ನು ಗುರುವಿಗೆ ಒಪ್ಪಿಸತಕ್ಕದ್ದು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ವ್ಯಾಖ್ಯಾನಿಸಿದ ಧರ್ಮವೂ ಇದೇ. ಅನ್ನವಿಕ್ಕಿದವನಿಗೆ ಫಲವು ಸಲ್ಲುವುದು ನ್ಯಾಯವೇ ಸರಿ. ಆದರೂ ಕುಶಲನಾದ ಅಂತೇವಾಸಿಗೆ ಅವನ ಕುಶಲತೆಯಿಂದ ಆ ಅವಧಿಯಲ್ಲಿ ವಿಶೇಷಲಾಭವೇನೂ ದೊರೆಯುತ್ತಿರಲಿಲ್ಲವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಶಾಸ್ತ್ರವಿದ್ಯಾರ್ಥಿಯ ಸ್ಥಿತಿಯು ಬೇರೆಯಾಗಿದ್ದಿತು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಕಟ್ಟಿಸಿದ ಶಾಲೆಯನ್ನು 945ರ ಸಾಲೊಟಗಿ ಶಾಸನವು ವರ್ಣಿಸುತ್ತದೆ. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ ಅಲ್ಲಿ ಭೂಮಿಯೂ 27 ಮನೆಗಳೂ ದತ್ತಿಯಾಗಿದ್ದುವು. ಇಲ್ಲಿ ಅನ್ನದಾತನು ಗುರುವಲ್ಲ, ದತ್ತಿ; ಆದಕಾರಣ ವಿದ್ಯಾರ್ಥಿಯ ಶ್ರಮದ ಫಲವನ್ನು ಕೇಳುವವರೂ ಇಲ್ಲ.

ಶಾಸ್ತ್ರವಿದ್ಯಾರ್ಥಿಗೆ ಸಲ್ಲುತ್ತಿದ್ದ ಈ ಅನುಗ್ರಹವನ್ನು ಶಿಲ್ಪವಿದ್ಯಾರ್ಥಿಗೂ ಸಲ್ಲಿಸುವ ಪ್ರಯತ್ನಕ್ಕೆ ಆಧುನಿಕ ಜರ್ಮನ್ ದೇಶದಲ್ಲಿ ಸ್ಪಷ್ಟವಾದ ನಿದರ್ಶನವಿದೆ. ಅಲ್ಲಿ ಕಸಬನ್ನು ಕಲಿಯುವವನು ಒಪ್ಪಂದದ ಮೇರೆಗೆ ಕಾರ್ಯಾಗಾರದಲ್ಲಿ ಕೆಲಸಮಾಡುತ್ತ, ಜೊತೆಯಲ್ಲಿಯೇ ವೃತ್ತಿಶಾಲೆಯಲ್ಲಿ ಓದುತ್ತಾನೆ. ವಿಶ್ವವಿದ್ಯಾಲಯದ ದ್ವಾರವು ಬಹುಕಾಲ ಪ್ರೌಢಶಾಲೆಯ ಅಂತಿಮಪರೀಕ್ಷೆಯಾದ ‘ಅಬಿಟೂರ್’ನಲ್ಲಿ ತೇರ್ಗಡೆಯಾದವರಿಗೇ ಮುಖ್ಯವಾಗಿ ತೆರೆದಿದ್ದಿತು. 2009ರಲ್ಲಿ ಅಲ್ಲಿಯ ಪ್ರಾಂತಗಳ ವಿದ್ಯಾಮಂತ್ರಿಗಳು ಕೈಗೊಂಡ ನಿರ್ಣಯವು ಕಸಬಿನಲ್ಲಿ ಅರ್ಹತೆ ಪಡೆದವರಿಗೂ ಆ ದ್ವಾರವನ್ನು ಅಗಲಮಾಡಿತು. ಪ್ರವೇಶವು ದೊರೆತರೂ ಸಂಪಾದನೆಯನ್ನು ಬಿಟ್ಟು ಓದುವವನ ಜೀವನಕ್ಕೆ ಆಧಾರವು ಬೇಕಷ್ಟೆ. ಅದಕ್ಕಾಗಿ ಸಂಯುಕ್ತ ಸರಕಾರವು 2008ರಲ್ಲಿಯೇ ‘ಔಫ್‌ಷ್ಟೀಗ್ಸ್ ಷ್ಟಿಪೆಂಡಿಯುಮ್’, ಎಂದರೆ ಉನ್ನತಿವೇತನ, ಎಂಬುದನ್ನು ಸ್ಥಾಪಿಸಿದ್ದಿತು.

ಇದನ್ನು ಬೇಡುವವನು ಕಸಬಿನ ಶಿಕ್ಷಣವನ್ನು ಮುಗಿಸಿ ಕನಿಷ್ಠಪಕ್ಷ 2 ವರ್ಷ ಅದರಲ್ಲಿ ದುಡಿದಿರಬೇಕು. ಹಿಂದೆ ಪದವಿಯನ್ನು ಪಡೆದಿರಕೂಡದು. ಅವನ ಯೋಗ್ಯತೆಯು ಮೂರರಲ್ಲಿ ಒಂದರಿಂದ ಸಿದ್ಧವಾಗಬೇಕು: ಕಸಬಿನ ಪರೀಕ್ಷೆಯಲ್ಲಿ 100ಕ್ಕೆ 87 ಅಂಕಗಳು, ಇಲ್ಲವೆ ಪ್ರಾದೇಶಿಕ ಮಟ್ಟವನ್ನು ಮೀರಿದ ವೃತ್ತಿಸ್ಪರ್ಧೆಯಲ್ಲಿ ಮೊದಲ ಮೂರು ಸ್ಥಾನಗಳಲ್ಲೊಂದು, ಇಲ್ಲವೆ ಕೆಲಸ ಕೊಟ್ಟವನು ಕಾರಣಸಹಿತವಾಗಿ ಬರೆದ ಶಿಫಾರಸು. ಅನಂತರ ಸಾಮರ್ಥ್ಯಪರಿಶೀಲನೆಯೂ ಸಂದರ್ಶನವೂ ನಡೆಯುತ್ತವೆ. ವಯಸ್ಸಿನ ಮಿತಿಯಿಲ್ಲ, ವರಮಾನದ ಗಣನೆಯಿಲ್ಲ, ಪಡೆದ ಹಣವನ್ನು ಹಿಂದಿರುಗಿಸಬೇಕಾಗಿಯೂ ಇಲ್ಲ. ಉದ್ಯೋಗವನ್ನು ಬಿಡದೆ ಓದುವವನಿಗೂ ಪ್ರತ್ಯೇಕವಾದ ಸಹಾಯವುಂಟು.

ಈ ನಿಬಂಧನೆಗಳಲ್ಲಿ ಎರಡು ಗಮನಾರ್ಹವಾದುವು. ಮೊದಲನೆಯದು, ಬಾಲ್ಯದಲ್ಲಿ ಶಾಲೆಯಲ್ಲಿ ಪಡೆದ ಅಂಕಗಳನ್ನು ಬಿಟ್ಟು, ಕಸಬಿನಲ್ಲಿ ತೋರಿಸಿದ ನೈಪುಣ್ಯವನ್ನೇ ಉಚ್ಚವಿದ್ಯೆಯ ಅರ್ಹತೆಗೆ ಪ್ರಮಾಣವಾಗಿ ಅಂಗೀಕರಿಸಿರುವುದು. ಎರಡನೆಯದು, ಯಜಮಾನನ ಮಾತಿಗೆ ಸಂದಿರುವ ಬೆಲೆ. ಸ್ಮೃತಿಯಲ್ಲಿ ಕುಶಲನಾದ ಅಂತೇವಾಸಿಯನ್ನು ಅವಧಿ ಮುಗಿಯುವವರೆಗೆ ಹಿಡಿದಿಡುವ ಅಧಿಕಾರವು ಯಾರಿಗಿದ್ದಿತೋ, ಅವನ ಸ್ಥಾನದಲ್ಲಿರುವವನೇ ಇಲ್ಲಿ ಅವನನ್ನು ಮೇಲಕ್ಕೆ ಕಳುಹಿಸಲು ಸಾಕ್ಷಿಯಾಗುತ್ತಾನೆ. ಆದರೆ ಇದು ಆರಿಸಿದ ಕೆಲವರಿಗೆ ಮಾತ್ರ ದೊರೆಯುವ ಪುರಸ್ಕಾರವೇ ಹೊರತು ಸರ್ವರ ಹಕ್ಕಲ್ಲವೆಂಬುದನ್ನು ಮರೆಯಲಾಗದು.

ಕನ್ನಡದಲ್ಲಿ ಇಂತಹ ಸಹಾಯಕ್ಕೆ ‘ವಿದ್ಯಾರ್ಥಿವೇತನ’ವೆಂಬ ಹೆಸರು ರೂಢವಾಗಿದೆ. ಸ್ಮೃತಿಗಳಲ್ಲಿ ವೇತನವು ಭೃತಕನಿಗೆ, ಅಂದರೆ ಕೂಲಿಯಾಳಿಗೆ, ಸಲ್ಲತಕ್ಕದ್ದು. ಶಿಷ್ಯನಿಗಾಗಲಿ ಅಂತೇವಾಸಿಗಾಗಲಿ ಅಲ್ಲ. ದುಡಿದವನು ಆ ದುಡಿಮೆಯ ಯೋಗ್ಯತೆಯಿಂದಲೇ ವಿದ್ಯೆಯನ್ನು ಪಡೆಯುವ ಈ ಏರ್ಪಾಡಿನಲ್ಲಿ, ಭೃತಕನ ವೇತನವೂ ಶಿಷ್ಯನ ದತ್ತಿಯೂ ಒಂದೆಡೆ ಕೂಡಿರುವುದರಿಂದ, ಆ ಹೆಸರು ಇದಕ್ಕೆ ಅನ್ವರ್ಥವಾಗಿಯೇ ಒಪ್ಪುತ್ತದೆ.