‘ಆಮ್ಯಾಲ ಬರ್ರಿ’ ಎಂಬ ನಿರಾಕರಣೆ

2013ರ ಬೇಸಿಗೆ. ನಾನಿನ್ನೂ ಸೇವೆಯಲ್ಲಿದ್ದೆ. ವಾಡಿಯಲ್ಲಿ ಕಲ್ಲುಗಣಿಯ ಕಾರ್ಮಿಕರೊಬ್ಬರು ಕಿವಿ ಕೇಳದ ಮಗಳ ಕೈಹಿಡಿದು ಬಂದು ನಿಂತರು. ಖಾಸಗಿ ಶಾಲೆ ಪ್ರವೇಶ ನಿರಾಕರಿಸಿತೇ ಎಂದು ಕೇಳಿದೆ. ‘ಇಲ್ಲ ಅಂತ ಯಾರೂ ಅಂದಿಲ್ರಿ ಸಾಹೇಬ್ರ, ಆಮ್ಯಾಲ ಬರ್ರಿ ಅಂದಾರ’ ಎಂದರು. ಅಷ್ಟರಲ್ಲಿ ಮೂರು ಸಲ ಹೋಗಿಬಂದಿದ್ದರು. ನಮ್ಮ ನಮೂನೆಯಲ್ಲಿ ನಿರಾಕರಣೆಗೊಂದು ಅಂಕಣವಿತ್ತು, ಇಂಥ ಉತ್ತರಕ್ಕೆ ಇರಲಿಲ್ಲ. ದೂರುಗಳು ಶೂನ್ಯವೆಂಬ ವರದಿಗೆ ಸಹಿ ಹಾಕಿದವನು ನಾನೇ.

ಅಮೆರಿಕದ ಚಾರ್ಟರ್ ಶಾಲೆಗಳ ಕುರಿತ ಸಂಶೋಧನೆಗಳನ್ನು ಓದುವಾಗ ಆ ತಂದೆ ನೆನಪಾದರು. ಸರ್ಕಾರದ ಹಣದಿಂದ ನಡೆದರೂ ಆಡಳಿತದಲ್ಲಿ ಸ್ವಾಯತ್ತವಾಗಿರುವ ಈ ಶಾಲೆಗಳಿಗೆ ಮೊದಲ ಕಾನೂನು ರೂಪುಗೊಂಡದ್ದು 1991ರಲ್ಲಿ, ಮಿನ್ನೆಸೋಟಾದಲ್ಲಿ. ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆಯ 2012ರ ವರದಿಯ ಪ್ರಕಾರ, 2009–10ರಲ್ಲಿ ಸಾಮಾನ್ಯ ಸಾರ್ವಜನಿಕ ಶಾಲೆಗಳ ವಿದ್ಯಾರ್ಥಿಗಳಲ್ಲಿ ಸುಮಾರು ಶೇ 11ರಷ್ಟು ಅಂಗವಿಕಲರಿದ್ದರೆ, ಚಾರ್ಟರ್ ಶಾಲೆಗಳಲ್ಲಿ ಶೇ 8ರಷ್ಟಿದ್ದರು. ಪೋಷಕರೇ ಅತ್ತ ಹೋಗುತ್ತಿಲ್ಲವೇನೋ ಎಂದು ವಾದಿಸಬಹುದಿತ್ತು. ಪೀಟರ್ ಬರ್ಗ್‌ಮನ್ ಮತ್ತು ಐಸಾಕ್ ಮ್ಯಾಕ್‌ಫಾರ್ಲಿನ್ ಕಾಲ್ಪನಿಕ ಪೋಷಕರ ಹೆಸರಿನಲ್ಲಿ 6,452 ಶಾಲೆಗಳಿಗೆ ಇ–ಮೇಲ್ ಕಳುಹಿಸಿ, 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಗುವಿಗೆ ಗಂಭೀರ ವಿಶೇಷ ಅಗತ್ಯವಿದೆಯೆಂಬ ಸುಳಿವಿದ್ದ ಪತ್ರಗಳಿಗೆ ಚಾರ್ಟರ್ ಶಾಲೆಗಳಿಂದ ಉತ್ತರವೇ ಕಡಿಮೆ. ಆಯ್ಕೆಯೆಂಬುದು ಗ್ರಾಹಕನ ಸ್ವಾತಂತ್ರ್ಯವೆಂದು ಎಂ.ಎ. ತರಗತಿಯಲ್ಲಿ ಕಲಿತಿದ್ದ ನನಗೆ, ಅಂಗಡಿಯವನೂ ಗಿರಾಕಿಯನ್ನು ಆರಿಸುತ್ತಾನೆಂದು ಯಾರೂ ಹೇಳಿರಲಿಲ್ಲ.

ನಮ್ಮಲ್ಲಿ ಇದಕ್ಕೆ ಹತ್ತಿರದ ವ್ಯವಸ್ಥೆಯೆಂದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಗಳಲ್ಲಿ ಸರ್ಕಾರವೇ ಶುಲ್ಕ ಭರಿಸುವ ಶೇ 25ರ ಸೀಟುಗಳು. 2012ರ ತಿದ್ದುಪಡಿ ಅಂಗವಿಕಲ ಮಕ್ಕಳನ್ನೂ ಅದರ ವ್ಯಾಪ್ತಿಗೆ ತಂದಿತು. ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಈ ಸೀಟು ಬೇಡವೆಂದು ಕರ್ನಾಟಕ 2019ರಲ್ಲಿ ನಿಯಮ ಬದಲಿಸಿತು; ಅದೇ ವರ್ಷ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಸರ್ಕಾರಿ ಶಾಲೆ ಉಳಿಯಬೇಕೆಂಬುದಕ್ಕೆ ನನ್ನ ತಕರಾರಿಲ್ಲ. ಆದರೆ ಚಿಂಚೋಳಿಯ ಹಳ್ಳಿಯೊಂದರಲ್ಲಿ ಶಾಲೆಯಿದೆ ಎಂದ ಮಾತ್ರಕ್ಕೆ ಸನ್ನೆಭಾಷೆ ಬಲ್ಲ ಶಿಕ್ಷಕರೂ ಇದ್ದಾರೆಂದು ಹೇಗೆ ಭಾವಿಸುವುದು?

ಸರ್ಕಾರದ ಮಾನ್ಯತೆಯುಳ್ಳ ಶಾಲೆಗಳು ತಾರತಮ್ಯವಿಲ್ಲದೆ ಈ ಮಕ್ಕಳನ್ನು ಸೇರಿಸಿಕೊಳ್ಳಬೇಕೆಂಬ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಈಗಲೂ ಇದೆ. ಸೇಡಂ, ಚಿತ್ತಾಪುರ, ಶಹಾಬಾದ್ ಭಾಗದ ಪ್ರತಿ ಶಾಲೆಯೂ ಪ್ರವೇಶ ಕೇಳಿ ಬಂದ ಪೋಷಕರಿಗೆ ದಿನಾಂಕ ನಮೂದಿಸಿದ ಸ್ವೀಕೃತಿ ಕೊಡಲಿ. ಅದರ ಪ್ರತಿ ಕ್ಷೇತ್ರ ಶಿಕ್ಷಣಾಧಿಕಾರಿಗೆ ತಲುಪಲಿ. ಇದಕ್ಕೆ ಹೊಸ ಕಾನೂನು ಬೇಡ, ಒಂದು ಸುತ್ತೋಲೆ ಸಾಕು. ನಾನು ಅಧಿಕಾರದಲ್ಲಿದ್ದಾಗಲೇ ಹೊರಡಿಸಲು ಯತ್ನಿಸಬಹುದಿತ್ತು. ಆ ಹುಡುಗಿ ಕೊನೆಗೆ ಯಾವ ಶಾಲೆ ಸೇರಿದಳೆಂದು ಕೂಡ ನಾನು ವಿಚಾರಿಸಲಿಲ್ಲ.