ಬೀದಿ ಬೆಳೆಯಲಿಲ್ಲ, ಬಂಡಿ ಬೆಳೆಯಿತು

ಸಂಜಯನಗರದ ಅಡ್ಡರಸ್ತೆಯೊಂದರಲ್ಲಿ ಸಂಜೆ ಆರರ ಹೊತ್ತಿಗೆ ನಿಂತು ನೋಡುವವರಿಗೆ ಪುಕ್ಕಟೆಯಾಗಿ ಒಂದು ನಾಟಕ ದೊರೆಯುತ್ತದೆ. ಮೂಡಣದಿಂದ ಒಂದು ಕಾರು ಬರುತ್ತದೆ, ಪಡುವಣದಿಂದ ಇನ್ನೊಂದು. ಎರಡೂ ಆಳೆತ್ತರದ ಭಾರಿ ಬಂಡಿಗಳು. ಬೀದಿಯ ಇಕ್ಕೆಲಗಳಲ್ಲಿ ಅವುಗಳ ಬಂಧುಬಳಗವೇ ಸಾಲುಗಟ್ಟಿ ನಿಂತಿದೆ. ನಡುವೆ ಉಳಿದ ಓಣಿಯಲ್ಲಿ ಒಂದಕ್ಕೆ ಮಾತ್ರ ಎಡೆಯುಂಟು. ಇಬ್ಬರು ಸಾರಥಿಗಳೂ ದೀಪ ಮಿಟುಕಿಸುತ್ತಾರೆ, ಹಾರನ್ನು ಒತ್ತುತ್ತಾರೆ. ಹಿಂದೆ ಸರಿಯಲು ಇಬ್ಬರೂ ಒಲ್ಲರು. ಸೊಪ್ಪಿನ ತಳ್ಳುಗಾಡಿಯವನು ಚರಂಡಿಯ ಕಲ್ಲಿನ ಮೇಲೆ ಒಂದು ಚಕ್ರವನ್ನೇರಿಸಿ ನಿಲ್ಲುತ್ತಾನೆ. ಆಟ ಮುಗಿಸಿ ಬಂದ ಮಗುವನ್ನು ತಾಯಿ ಗೇಟಿನೊಳಕ್ಕೆ ಎಳೆದುಕೊಳ್ಳುತ್ತಾಳೆ. ಕಡೆಗೆ ದಾರಿ ಬಿಟ್ಟುಕೊಡುವವರು ನಡೆಯುವವರೇ!

ಊರಿನಲ್ಲಿ ಕಾರುಗಳು ಹೆಚ್ಚಿದುದೇ ಇದಕ್ಕೆಲ್ಲ ಕಾರಣವೆಂದು ನಾವು ಸಾಮಾನ್ಯವಾಗಿ ಹೇಳಿಬಿಡುತ್ತೇವೆ. ಹೆಚ್ಚಿದುದು ದಿಟವೇ. ಆದರೆ ಒಂದೊಂದು ಕಾರೂ ಸದ್ದಿಲ್ಲದೆ ದಪ್ಪವಾಗುತ್ತ ಬಂದಿದೆಯೆಂಬುದನ್ನು ಗಮನಿಸಿದವರು ವಿರಳ.

ಅಡಿ ಅಂಗುಲಗಳ ಲೆಕ್ಕ

ಮಂತ್ರಿಗಳು ಏರಿ ಬರುತ್ತಿದ್ದ, ಮದುವೆಯ ಮೆರವಣಿಗೆಯಲ್ಲಿ ಹೂಮಾಲೆ ತೊಟ್ಟು ಬರುತ್ತಿದ್ದ ಅಂಬಾಸಿಡರನ್ನು ನಾವು ದೊಡ್ಡ ಕಾರೆಂದೇ ಎಣಿಸಿದ್ದೆವು. ಅದರ ಅಗಲ ಸುಮಾರು ಐದೂವರೆ ಅಡಿ. ಫಿಯಟ್ 1100 ಐದಡಿಗೂ ಕಡಿಮೆಯಿತ್ತು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರ ಉದ್ದ ಹನ್ನೊಂದು ಅಡಿ, ಅಗಲ ನಾಲ್ಕು ಮುಕ್ಕಾಲು ಅಡಿ. ಅಷ್ಟರಲ್ಲೇ ಅಪ್ಪ, ಅಮ್ಮ, ಮಕ್ಕಳು, ಅಜ್ಜಿ ಸುಖವಾಗಿ ಊರು ಸುತ್ತಿ ಬಂದರು.

ಈಗಿನ ಸಂಗತಿ ಬೇರೆ. ಮಧ್ಯಮ ಗಾತ್ರದ್ದೆನಿಸಿದ ಹ್ಯುಂಡೈ ಕ್ರೆಟಾ ಉದ್ದದಲ್ಲಿ ಅಂಬಾಸಿಡರಿಗೆ ಸಮ, ಅಗಲದಲ್ಲಿ ಅದಕ್ಕಿಂತ ನಾಲ್ಕು ಅಂಗುಲದಷ್ಟು ಹೆಚ್ಚು. ನಮ್ಮ ಬಿಡದಿಯಲ್ಲೇ ತಯಾರಾಗುವ ಇನ್ನೋವಾ 2005ರಲ್ಲಿ ಬಂದಾಗ ಅದರ ಅಗಲ ಆರಡಿಗೆ ಎರಡಂಗುಲ ಕಡಿಮೆಯಿತ್ತು. 2016ರ ಕ್ರಿಸ್ಟಾ ಆರಡಿಯನ್ನು ಮುಟ್ಟಿತು, ಉದ್ದವೂ ಹದಿನೈದೂವರೆ ಅಡಿಯಾಯಿತು. 2023-24ರಲ್ಲಿ ದೇಶದಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ನೂರಕ್ಕೆ ಸುಮಾರು 60 ಎಸ್‌ಯುವಿ ಮೊದಲಾದ ಎತ್ತರದ ಬಂಡಿಗಳೇ.

ಇನ್ನು ಬೀದಿಯ ಲೆಕ್ಕ. ಚರಂಡಿಯಿಂದ ಚರಂಡಿಗೆ ಇಪ್ಪತ್ತು ಅಡಿ ಇರುವ ಒಂದು ಅಡ್ಡರಸ್ತೆಯನ್ನು ತೆಗೆದುಕೊಳ್ಳೋಣ. ಎರಡು ಬದಿಗೂ ಒಂದೊಂದು ಮಾರುತಿ 800 ನಿಂತರೆ ನಡುವೆ ಹತ್ತೂವರೆ ಅಡಿ ಉಳಿಯುತ್ತದೆ. ಅವುಗಳ ಜಾಗದಲ್ಲಿ ಆರಡಿಯ ಬಂಡಿಗಳು ನಿಂತರೆ ಉಳಿಯುವುದು ಎಂಟೇ ಅಡಿ. ಎರಡೂವರೆ ಅಡಿ ಯಾವ ಮಹಾ ಎಂದು ವಾಚಕರು ಕೇಳಬಹುದು. ದೊಡ್ಡ ಅಗ್ನಿಶಾಮಕ ವಾಹನವೊಂದರ ಅಗಲ ಎಂಟು ಅಡಿಗೂ ತುಸು ಮಿಗಿಲು! ಮಾರುತಿಗಳ ನಡುವೆ ಅದು ಬರುತ್ತಿತ್ತು. ಈಗ ಬೀದಿಯ ತುದಿಯಲ್ಲೇ ನಿಲ್ಲಬೇಕು. ರೋಗಿಯನ್ನು ಹೊತ್ತ ಆಂಬುಲೆನ್ಸು ಹೇಗೋ ನುಸುಳೀತು, ಆದರೆ ಕನ್ನಡಿ ಮಡಿಸಿ, ಇಂಚು ಇಂಚಾಗಿ. ಒಳಗಿರುವವನಿಗೆ ಒಂದೊಂದು ನಿಮಿಷವೂ ಪ್ರಾಣದ ಬೆಲೆಯದು.

ಕೊಂಡವರ ಮಾತೂ ನ್ಯಾಯವೇ

ದೊಡ್ಡ ಕಾರು ಕೊಂಡವರನ್ನೆಲ್ಲ ಡಂಭಾಚಾರದವರೆಂದು ಹಳಿಯುವುದು ಸಲ್ಲದು. ಗುಂಡಿ ಬಿದ್ದ ರಸ್ತೆ, ಗುಡ್ಡದಂಥ ಹಂಪು, ಮಳೆಗಾಲದಲ್ಲಿ ಮೊಣಕಾಲುದ್ದದ ನೀರು. ಇವುಗಳ ನಡುವೆ ಎತ್ತರದ ಬಂಡಿಯನ್ನು ಬಯಸುವುದು ಸಹಜವೇ. ಸಂಸಾರವನ್ನೆಲ್ಲ ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೋಗಿಬರುವ ಆಸೆಯಲ್ಲಿಯೂ ತಪ್ಪಿಲ್ಲ.

ತೆರಿಗೆಯ ನಿಯಮವೂ ಇಲ್ಲಿ ತನ್ನ ಪಾಲು ಸಲ್ಲಿಸಿದೆ. 2006ರಿಂದ ನಾಲ್ಕು ಮೀಟರಿಗೆ ಮೀರದ, ಸಣ್ಣ ಎಂಜಿನಿನ ಕಾರುಗಳಿಗೆ ರಿಯಾಯಿತಿ ಉಂಟು. 2025ರ ಸೆಪ್ಟೆಂಬರಿನ ಜಿ.ಎಸ್.ಟಿ. ಪರಿಷ್ಕರಣೆಯೂ ಅದೇ ಗೆರೆಯನ್ನು ಉಳಿಸಿಕೊಂಡು, ಸಣ್ಣವಕ್ಕೆ ನೂರಕ್ಕೆ 18, ದೊಡ್ಡವಕ್ಕೆ 40 ಎಂದು ಗೊತ್ತುಮಾಡಿತು. ಅಳೆದದ್ದು ಉದ್ದವನ್ನು ಮಾತ್ರ, ಅಗಲವನ್ನು ಕೇಳಿದವರಿಲ್ಲ. ಆದುದರಿಂದ ಕಾರು ಮುಂದಕ್ಕೆ ಬೆಳೆಯದೆ ಪಕ್ಕಕ್ಕೂ ಮೇಲಕ್ಕೂ ಬೆಳೆಯಿತು. ನಾಲ್ಕು ಮೀಟರಿನೊಳಗಿನ ಟಾಟಾ ನೆಕ್ಸಾನ್ ಅಂಬಾಸಿಡರಿಗಿಂತ ಐದಂಗುಲದಷ್ಟು ಅಗಲವಾಗಿದೆ!

ಸಣ್ಣದನ್ನು ಮಾಡಲು ನಮಗೆ ಬಾರದೆಂದಲ್ಲ. ಈ ಬೆಂಗಳೂರಿನಲ್ಲೇ 2001ರಲ್ಲಿ ರೇವಾ ಎಂಬ ವಿದ್ಯುತ್ ಕಾರು ಹೊರಬಂದಿತು. ಅಗಲ ನಾಲ್ಕು ಅಡಿ ನಾಲ್ಕಂಗುಲ, ಉದ್ದ ಒಂಬತ್ತು ಅಡಿಯೂ ಇರಲಿಲ್ಲ. ಜನ ಬೆರಗಿನಿಂದ ನೋಡಿದರು, ನಕ್ಕರು, ಕೊಂಡವರು ಕೆಲವರೇ. ಇಂದು ಅದೂ ಇಲ್ಲ, 2018ರಲ್ಲಿ ನಿಂತ ನ್ಯಾನೋ ಕೂಡ ಇಲ್ಲ.

ಹೊರಗಿನವರು ಕಂಡ ದಾರಿ

ಈ ತೊಡಕು ನಮ್ಮೊಬ್ಬರದೇ ಅಲ್ಲ. ಕಾರು ಕೊಳ್ಳುವ ಮೊದಲು ಅದನ್ನು ನಿಲ್ಲಿಸುವ ಜಾಗವನ್ನು ತೋರಿಸಬೇಕೆಂಬ ಕಾನೂನನ್ನು ಜಪಾನು 1962ರಲ್ಲೇ ಮಾಡಿತು. ಅಲ್ಲಿ ತೆರಿಗೆ ರಿಯಾಯಿತಿಯ ಪುಟ್ಟ ಕಾರುಗಳಿಗೆ ಉದ್ದದ ಜೊತೆಗೆ ಅಗಲದ ಮಿತಿಯೂ ಇದೆ: 1.48 ಮೀಟರು. ಪ್ಯಾರಿಸ್ಸಿನ ಜನ 2024ರ ಫೆಬ್ರವರಿಯಲ್ಲಿ ಮತ ಹಾಕಿ, ಹೊರಗಿನಿಂದ ಬರುವ ಭಾರದ ಕಾರುಗಳ ನಿಲುಗಡೆ ಶುಲ್ಕವನ್ನು ಮೂರು ಪಟ್ಟು ಏರಿಸಲು ಒಪ್ಪಿದರು. ಮೂತಿ ನಲವತ್ತು ಅಂಗುಲಕ್ಕಿಂತ ಎತ್ತರವಿರುವ ಬಂಡಿ ಪಾದಚಾರಿಗೆ ಬಡಿದಾಗ, ತಗ್ಗಾದ ಇಳಿಜಾರು ಮೂತಿಯ ಕಾರಿಗಿಂತ ಸಾವಿನ ಸಂಭವ ನೂರಕ್ಕೆ ಸುಮಾರು 45 ಹೆಚ್ಚೆಂದು ಅಮೆರಿಕದ ವಿಮಾ ಸಂಸ್ಥೆಗಳ ಸುರಕ್ಷಾ ಸಂಶೋಧಕರು 2023ರಲ್ಲಿ ಕಂಡುಕೊಂಡರು. ಗೇಟಿನೊಳಕ್ಕೆ ಮಗುವನ್ನೆಳೆದುಕೊಂಡ ಆ ತಾಯಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನಮಗೂ ಇದೇನು ಅಸಾಧ್ಯವಲ್ಲ. ಕಿರಿದಾದ ಅಡ್ಡರಸ್ತೆಗಳಲ್ಲಿ ಒಂದೇ ಬದಿಗೆ ನಿಲುಗಡೆ. ಬೀದಿಯಲ್ಲಿ ನಿಲ್ಲುವ ಕಾರಿಗೆ ಅದು ಆಕ್ರಮಿಸುವ ಚದರಡಿಯ ಮೇಲೆ ಶುಲ್ಕ. ತೆರಿಗೆಯಲ್ಲಿ ಅಗಲಕ್ಕೂ ಒಂದು ಕಾಲಮ್ಮು. ಮೂವತ್ತು ನಲವತ್ತರ ನಿವೇಶನದಲ್ಲಿ ಪಕ್ಕದವನು ಅರ್ಧ ಅಡಿ ಒತ್ತಿ ಗೋಡೆ ಕಟ್ಟಿದರೆ ನಾವು ನ್ಯಾಯಾಲಯದ ಮೆಟ್ಟಿಲೇರುತ್ತೇವೆ. ಎಲ್ಲರಿಗೂ ಸೇರಿದ ಬೀದಿಯಿಂದ ಎರಡೂವರೆ ಅಡಿ ಹೋದುದನ್ನು ಮಾತ್ರ ಕೇಳುವವರಿಲ್ಲ.

ಮುಂದಿನ ಸಲ ಕಾರು ಕೊಳ್ಳಹೊರಟಾಗ ವಾಚಕರು ಬೆಲೆಯನ್ನೂ ಬಣ್ಣವನ್ನೂ ನೋಡುವ ಮೊದಲು ಒಂದು ಟೇಪು ಹಿಡಿದು ತಮ್ಮ ಮನೆಯ ಮುಂದಿನ ಬೀದಿಯನ್ನು ಅಳೆದು ನೋಡಲಿ. ಆಂಬುಲೆನ್ಸು ಯಾರ ಮನೆಗೆ ಯಾವ ರಾತ್ರಿ ಬರಬೇಕಾದೀತೋ ಬಲ್ಲವರಾರು?